ಐದನೇ ಕುರ್ಚಿಯಲ್ಲಿ ಒಂದು ಸೀಸನ್

ಬಣಕಲ್ಲಿನಲ್ಲಿ ಗುರುತಿನವರು ಬಸ್ಸಿನಲ್ಲಿ ಕಂಡರೆ ಮಾತಾಡಿಸದೆ ಇರುವ ಹಾಗಿಲ್ಲ. "ಎಲ್ಲಿಗೆ ಹೊರಟ್ರಿ?" ಅನ್ನಲೇಬೇಕು. ಕಿವಿಗೆ ಫೋನ್ ಹಿಡಿದಿದ್ದರೂ ಹುಬ್ಬೆತ್ತಿಯಾದರೂ ಕೇಳಬೇಕು. ಕೇಳದೆ ಕಿಟಕಿಯ ಕಡೆ ತಿರುಗಿ ಕುಳಿತರೆ ಎರಡು ಮನೆಗಳ ನಡುವೆ ಮಾತು ಬಿಟ್ಟಿದೆ ಎಂದೇ ಅರ್ಥ. ಬಸ್ಸು ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ಸುದ್ದಿ ಊರಿಗೆಲ್ಲ ಹಬ್ಬಿರುತ್ತದೆ. ಅಂಥ ಊರಿನಲ್ಲಿರುವ ನಾನು ಒಂದಿಡೀ ಸರ್ಫಿಂಗ್ ಸೀಸನ್ ಒಬ್ಬ ಹುಡುಗಿಯ ಜೊತೆ ಒಂದೇ ಬಸ್ಸಿನಲ್ಲಿ ಚಾರ್ಮಾಡಿ ಘಟ್ಟ ಇಳಿದೆ, ಒಂದೇ ಬಸ್ಸಿನಲ್ಲಿ ಹತ್ತಿ ಬಂದೆ. ಒಂದು ಮಾತೂ ಆಡಲಿಲ್ಲ. ಅವಳು ಸ್ಪರ್ಧಿ, ನಾನು ತೀರ್ಪುಗಾರ್ತಿ.

ಅವಳು ನಮ್ಮ ಮನೆಯ ಹಿಂದಿನ ಎಸ್ಟೇಟಿನ ರೈಟರ ಮಗಳು. ರೈಟರೆಂದರೆ ಆಳುಗಳ ಹಾಜರಿ, ತೋಟದ ಲೆಕ್ಕ ನೋಡುವವರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ, ಹುಡುಗಿ ನನ್ನನ್ನು ಚಿಕ್ಕಿ ಎನ್ನುತ್ತಿದ್ದಳು. ರಕ್ತಸಂಬಂಧ ಏನೂ ಇಲ್ಲ. ನನಗೆ ಈ ಊರಿನಲ್ಲಿ ಸ್ವಂತದವರೇ ಇಲ್ಲ. ಬಾಡಿಗೆ ಮನೆ, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ರುಚಿ ನೋಡಿ ಅಂಕ ಹಾಕುವ ಕೆಲಸ, ಅಷ್ಟೇ. ಹಬ್ಬಕ್ಕೂ ಜ್ವರಕ್ಕೂ ನನಗಿದ್ದದ್ದು ಆ ಒಂದು ಮನೆ. ಹಲಗೆಯ ಮೇಲೆ ನಿಂತು ಅಲೆ ಏರುವ ಈ ಆಟವನ್ನು ನಾನೂ ಒಂದು ಕಾಲದಲ್ಲಿ ಆಡಿದ್ದೆ. ಬೇಸಿಗೆ ರಜೆಯಲ್ಲಿ ಹುಡುಗಿಯನ್ನು ಮಂಗಳೂರಿನ ಕಡಲಿಗೆ ಕರೆದುಕೊಂಡು ಹೋಗಿ, ಬೋರ್ಡಿನ ಮೇಲೆ ಬೋರಲು ಮಲಗಿಸಿ, ಕೈಯಲ್ಲಿ ನೀರು ಸೆಳೆಯುವುದನ್ನು ಕಲಿಸಿದವಳು ನಾನೇ. ಈ ಸಲ ದೇಶದ ಮಹಿಳೆಯರಲ್ಲಿ ಮೊದಲ ಸ್ಥಾನ ಅವಳ ಕೈಗೆಟುಕುವಷ್ಟು ಹತ್ತಿರ ಇತ್ತು. ಸಿಕ್ಕಿದರೆ ದೇಶದ ತಂಡದಲ್ಲಿ ಜಾಗ. ಅವಳ ಇಷ್ಟು ವರ್ಷದ ಕನಸು ಅದೊಂದೇ.

ಪಂದ್ಯಗಳಿಗೆ ಕೂರುತ್ತಿದ್ದ ಒಬ್ಬ ತೀರ್ಪುಗಾರ್ತಿ ಬಿಟ್ಟುಹೋದರು. ಮುಖ್ಯ ತೀರ್ಪುಗಾರರು ನನಗೆ ಫೋನ್ ಮಾಡಿದರು. ಅವರು ಕರಾವಳಿಯವರು, ಮಾತು ನೇರ. ನಾನೂ ನೇರವಾಗಿಯೇ ಹೇಳಿದೆ, ಆ ಹುಡುಗಿಗೆ ಕಲಿಸಿದವಳು ನಾನು ಅಂತ.

"ಸಂಬಂಧ ಏನಿಲ್ಲ ಅಲ್ವಾ? ಮತ್ತೆಂತ ಮಾರಾಯ್ರೆ! ನಮ್ಮಲ್ಲಿ ಸರ್ಫಿಂಗ್ ಗೊತ್ತಿದ್ದವರೇ ನಾಲ್ಕು ಜನ. ಎಲ್ಲರೂ ಎಲ್ಲರಿಗೂ ಕಲಿಸಿದವರೇ. ಆದ್ರೆ ಒಂದು ಮಾತು. ಸೀಸನ್ ಮುಗಿಯುವವರೆಗೆ ಅವಳ ಹತ್ರ ಮಾತು ಬೇಡ, ಊಟ ಬೇಡ, ಮನೆಗೆ ಹೋಗೋದು ಬೇಡ. ಜನ ನೋಡ್ತಾರೆ."

ಅವತ್ತೇ ಸಂಜೆ ರೈಟರ ಮನೆಗೆ ಹೋಗಿ ಹೇಳಿದೆ. ನಾನು ಬೇಡ ಅನ್ನುವುದಕ್ಕೂ ತಯಾರಿದ್ದೆ. ಹುಡುಗಿಯೇ ಒತ್ತಾಯ ಮಾಡಿದಳು. "ಕೂತ್ಕೊಳ್ಳಿ ಚಿಕ್ಕಿ. ಅಲೆ ಅಂದ್ರೆ ಏನು ಅಂತ ಗೊತ್ತಿರೋರು ಒಬ್ಬರಾದ್ರೂ ಅಲ್ಲಿರ್ಲಿ." ಅಕ್ಕ ಮಾತ್ರ ಒಲೆಯ ಮುಂದೆ ನಗುತ್ತಾ, "ಎಂಥ ಮಾರಾಯ್ತಿ, ನಮ್ಮನೆ ಕಾಫಿ ಕುಡಿದ್ರೆ ಇವಳಿಗೆ ಮಾರ್ಕ್ಸ್ ಜಾಸ್ತಿ ಬೀಳತ್ತಾ?" ಅಂದರು. ನಾನೂ ನಕ್ಕೆ. ಆ ಮನೆಯಲ್ಲಿ ನಾನು ಕುಡಿದ ಕೊನೆಯ ಕಾಫಿ ಅದಾಗಬಹುದು ಅಂತ ಯಾರಿಗೆ ಗೊತ್ತಿತ್ತು.

ಕಾಫಿ ಹಣ್ಣು ಕುಯ್ದು ಮುಗಿದು, ತೋಟಗಳು ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಿದ್ದ ಹೊತ್ತಿಗೆ ಸೀಸನ್ ಶುರುವಾಯಿತು. ಮೊದಲ ಪಂದ್ಯ ಕೇರಳದಲ್ಲಿ. ಮರಳಿನ ಮೇಲೆ ಕಬ್ಬಿಣದ ಪೈಪುಗಳ ಅಟ್ಟಣಿಗೆ, ಮೇಲೆ ಟಾರ್ಪಾಲು, ಐದು ಪ್ಲಾಸ್ಟಿಕ್ ಕುರ್ಚಿ. ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣಬಾರದೆಂದು ಕುರ್ಚಿಗಳ ನಡುವೆ ಪ್ಲೈವುಡ್ಡಿನ ತಡಿಕೆ. ನನಗೆ ಸಿಕ್ಕಿದ್ದು ತುದಿಯ ಐದನೇ ಕುರ್ಚಿ. ಬಿಸಿಲು ಎಲ್ಲರಿಗಿಂತ ಮೊದಲು ನನ್ನ ಮೊಣಕಾಲಿಗೇ ಬರುತ್ತಿತ್ತು.

ಕೆಲಸ ಹೀಗೆ. ಒಂದು ಹೀಟ್‌ನಲ್ಲಿ, ಅಂದರೆ ಒಂದು ಸಲದ ಆಟದಲ್ಲಿ, ಇಬ್ಬರೋ ನಾಲ್ವರೋ ಸಮುದ್ರದಲ್ಲಿ ಇರುತ್ತಾರೆ. ನಮಗೆ ಹೆಸರಿಲ್ಲ, ಅವರು ತೊಟ್ಟ ಅಂಗಿಯ ಬಣ್ಣ ಮಾತ್ರ. ಒಬ್ಬೊಬ್ಬರೂ ಹಿಡಿದ ಪ್ರತಿ ಅಲೆಗೂ ಸೊನ್ನೆಯಿಂದ ಹತ್ತರೊಳಗೆ ಮುಂದಿಟ್ಟ ಯಂತ್ರದಲ್ಲಿ ಅಂಕ ಒತ್ತಬೇಕು. ಐವರ ಅಂಕದಲ್ಲಿ ಅತಿ ಹೆಚ್ಚಿನದು, ಅತಿ ಕಡಿಮೆಯದು ಎರಡನ್ನೂ ಬಿಟ್ಟು ಉಳಿದ ಮೂರರ ಸರಾಸರಿ. ಕೊನೆಗೆ ಅವರವರ ಎರಡು ಒಳ್ಳೆಯ ಅಲೆಗಳು ಮಾತ್ರ ಲೆಕ್ಕಕ್ಕೆ. ದಿನದ ಮೊದಲ ಅಲೆಗೆ ಕೊಟ್ಟ ಅಂಕವೇ ಅಳತೆಗೋಲು. ಅಲ್ಲಿ ಕೈ ಸಡಿಲ ಬಿಟ್ಟರೆ ಸಂಜೆಯವರೆಗೂ ಪರದಾಟ. ಕ್ಯೂರಿಂಗ್ ವರ್ಕ್ಸ್‌ನ ರುಚಿ ಕೋಣೆಯಲ್ಲೂ ನಾನು ಮಾಡುವುದು ಇದನ್ನೇ. ಅಲ್ಲಿ ಕಪ್ಪಿನ ಮೇಲೆ ಎಸ್ಟೇಟಿನ ಹೆಸರಿರುವುದಿಲ್ಲ, ಇಲ್ಲಿ ಅಂಗಿಯ ಮೇಲೆ ಹುಡುಗಿಯ ಹೆಸರಿಲ್ಲ. ಕೆಲಸ ನೀರು ಕುಡಿದಷ್ಟು ಸಲೀಸು ಎಂದುಕೊಂಡಿದ್ದೆ.

ಕಷ್ಟವಾದದ್ದು ಅಟ್ಟಣಿಗೆಯಿಂದ ಇಳಿದ ಮೇಲೆ. ಸ್ಪರ್ಧಿಗಳೆಲ್ಲ ದಡದ ಹೋಟೆಲಿನಲ್ಲಿ ಒಟ್ಟಿಗೆ ಮೀನು ಊಟ ಮಾಡುತ್ತಾ ಕೇಕೆ ಹಾಕುತ್ತಿದ್ದರೆ ನಾವು ಬೇರೆ ಲಾಡ್ಜಿನಲ್ಲಿ. ಉಳಿದ ನಾಲ್ವರು ಗಂಡಸರು. ಅವರಿಗೆ ಅವರದೇ ಹರಟೆ. ನನ್ನ ಕೋಣೆಗೆ ಬರುತ್ತಿದ್ದ ಕಾಫಿಯನ್ನು ಕಾಫಿ ಎಂದು ಕರೆದರೆ ನಮ್ಮ ಜಿಲ್ಲೆಗೆ ಅವಮಾನ. ಕಿಟಕಿಯಿಂದ ಆ ನಗು ಕೇಳುತ್ತಿತ್ತು. ಅದರಲ್ಲಿ ಅವಳ ನಗು ಯಾವುದು ಅಂತ ನನಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಅವಳು ಆ ಪಂದ್ಯದಲ್ಲಿ ಎರಡನೆಯವಳಾದಳು. ಶಹಬ್ಬಾಸ್ ಅನ್ನಲಿಕ್ಕೂ ಇಲ್ಲ.

ಊರಿಗೆ ಬಂದ ಮರುದಿನ ಬಾಗಿಲ ಮುಂದೆ ಆಟೋ ನಿಂತಿತು. ಬಣಕಲ್ಲಿನ ಆ ಆಟೋದವರು ಜನರನ್ನು ಒಯ್ಯುವುದಕ್ಕಿಂತ ಹೆಚ್ಚಾಗಿ ಮನೆಯಿಂದ ಮನೆಗೆ ಸಾಮಾನು ಒಯ್ಯುತ್ತಾರೆ. ಕೈಯಲ್ಲಿ ರೈಟರ ಮನೆಯ ಮೂರು ಅಂತಸ್ತಿನ ಸ್ಟೀಲ್ ಡಬ್ಬಿ.

"ಅಮ್ಮ ಕೊಟ್ಟಿದ್ದು. ಅಕ್ಕಿ ರೊಟ್ಟಿ, ಎಳೆ ಹಲಸಿನಕಾಯಿ ಪಲ್ಯ. ಬಿಸಿ ಇದೆ ಮೇಡಂ, ಬೇಗ ತಿನ್ಬೇಕಂತೆ."

ನಮ್ಮ ಕಡೆ ಡಬ್ಬಿಗೆ ಒಂದು ನಡಾವಳಿ ಇದೆ. ಬಂದ ಡಬ್ಬಿಯನ್ನು ಖಾಲಿ ಕಳಿಸುವ ಹಾಗಿಲ್ಲ. ಏನಾದರೂ ಹಾಕಿಯೇ ಕಳಿಸಬೇಕು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಎಷ್ಟೋ ವರ್ಷದಿಂದ ಆ ಡಬ್ಬಿ ನಮ್ಮ ಎರಡು ಮನೆಗಳ ನಡುವೆ ತುಂಬಿಕೊಂಡೇ ಓಡಾಡಿದೆ. ನಾನು ಹೊಸ್ತಿಲಲ್ಲಿ ನಿಂತು ಮುಚ್ಚಳ ಮುಟ್ಟಿದೆ. ಬಿಸಿ ಇತ್ತು. ಹಸಿವೂ ಇತ್ತು.

"ವಾಪಸ್ ತಗೊಂಡು ಹೋಗಿ" ಎಂದೆ.

"ಆಂ? ಹಾಗೇನಾ? ತೆರೀದೇನೇ?" ಆಟೋದವರು ಕಣ್ಣು ಬಿಟ್ಟರು. "ಎಂಥ ಮೇಡಂ, ಜಗಳ ಆಯ್ತಾ? ನಾ ಏನಂತ ಹೇಳ್ಲಿ ಅವರಿಗೆ?"

"ಸೀಸನ್ ಮುಗೀಲಿ ಅಂತ ಹೇಳಿ."

ಅವರು ಹೇಳಿದರೋ ಇಲ್ಲವೋ, ಹೇಳಿದ್ದರೂ ಅಕ್ಕನಿಗೆ ಕೇಳಿಸಿದ್ದು ಬೇರೆಯೇ. ಅನ್ನ ವಾಪಸ್ ಕಳಿಸಿದವಳು ನಾನು. ಮಾರನೇ ವಾರ ಮೂಡಿಗೆರೆ ಬಸ್ ನಿಲ್ದಾಣದಲ್ಲಿ ಅಕ್ಕ ಎದುರಾದರು. ನಾನು "ಅಕ್ಕಾ" ಅಂದೆ. ಮಗಳ ಜೊತೆ ತಾನೇ ಮಾತು ಬೇಡ ಅಂದದ್ದು, ತಾಯಿಯ ಜೊತೆ ಅಲ್ಲವಲ್ಲ ಎಂದು ನನ್ನ ಸಮಜಾಯಿಷಿ. ಅವರು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, ತರಕಾರಿ ಗಾಡಿಯ ಕಡೆ ತಿರುಗಿ ಬೀನ್ಸ್ ಹೇಗೆ ಅಂತ ಕೇಳಿದರು. ನನಗೆ ಅಲ್ಲೇ ಅಳು ಬಂತು. ಬಸ್ಸು ಬರುವವರೆಗೆ ವೇಳಾಪಟ್ಟಿಯ ಬೋರ್ಡನ್ನು ಓದುತ್ತಾ ನಿಂತೆ.

ಎರಡನೇ ಪಂದ್ಯ ತಮಿಳುನಾಡಿನಲ್ಲಿ. ಘಟ್ಟ ಇಳಿದು ಮಂಗಳೂರು, ಅಲ್ಲಿಂದ ರೈಲು. ಬಸ್ಸಿನಲ್ಲಿ ಅವಳ ಬೋರ್ಡು ಉದ್ದನೆಯ ಬಟ್ಟೆಚೀಲದಲ್ಲಿ ಹಿಂದಿನ ಸೀಟಿನುದ್ದಕ್ಕೂ ಮಲಗಿತ್ತು. ಕಂಡಕ್ಟರ್, "ಇದಕ್ಕೂ ಟಿಕೆಟ್ ತಗೋಮ್ಮ, ನಿನಗಿಂತ ಉದ್ದ ಇದೆ" ಎಂದು ಕಾಲೆಳೆದರು. ಬಸ್ಸೆಲ್ಲ ನಕ್ಕಿತು. ಮುಂದಿನ ಸೀಟಿನಲ್ಲಿದ್ದ ನಾನು ಮಾತ್ರ ನಗದೆ ಕುಳಿತಿದ್ದೆ. ಜನರಿಗೆ ಅದೂ ಕಂಡಿತು.

ಆ ಪಂದ್ಯದಲ್ಲಿ ನನಗೆ ಪೆಟ್ಟು ಬಿತ್ತು. ಮಹಿಳೆಯರ ಸುತ್ತುಗಳು ಮುಗಿದ ಮೇಲೆ ಮುಖ್ಯ ತೀರ್ಪುಗಾರರು ನನ್ನನ್ನು ಅಟ್ಟಣಿಗೆಯ ಕೆಳಗೆ ಕರೆದರು.

"ನಿಮ್ಮ ಹುಡುಗಿಯ ಅಲೆಗೆ ನೀವು ಯಾವಾಗ್ಲೂ ಉಳಿದವರಿಗಿಂತ ಅರ್ಧ ಕಮ್ಮಿ ಒತ್ತುತ್ತಾ ಇದ್ದೀರಿ."

"ಇಲ್ಲ ಸಾರ್."

"ಇಲ್ಲ ಎಂತ ಇಲ್ಲ? ಗಂಡುಮಕ್ಕಳ ಸುತ್ತಲ್ಲಿ ನಿಮ್ಮ ಅಂಕ ಸೂಜಿಯ ಹಾಗೆ ಇದೆ. ಬೇರೆ ಹೆಂಗಸರದ್ದೂ ಸರಿ ಇದೆ. ಇವಳದ್ದು ಒಂದೇ. ಹೆದರಿ ಕಮ್ಮಿ ಕೊಡುವುದೂ ಮೋಸವೇ ಅಲ್ವಾ? ಪುಣ್ಯಕ್ಕೆ ನಿಮ್ಮದು ಪ್ರತಿ ಸಲ ಅತಿ ಕಮ್ಮಿ ಅಂತ ಬಿಟ್ಟುಹೋಗಿದೆ. ಅವಳಿಗೆ ನಷ್ಟ ಆಗ್ಲಿಲ್ಲ."

ಅವಳಿಗಾಗಿ ಮಾತು ಬಿಟ್ಟೆ, ಊಟ ಬಿಟ್ಟೆ, ಒಂದು ಮನೆಯನ್ನೇ ಕಳೆದುಕೊಂಡೆ, ಅಷ್ಟೆಲ್ಲ ಮಾಡಿ ಕುರ್ಚಿಯಲ್ಲಿ ಕುಳಿತರೆ ಅವಳ ಒಂದೇ ಒಂದು ಅಲೆಗೂ ನನ್ನ ಅಂಕ ಲೆಕ್ಕಕ್ಕೆ ಬಂದಿರಲಿಲ್ಲ. ಆ ಕುರ್ಚಿಯಲ್ಲಿ ಒಂದು ಮೂಟೆ ಇಟ್ಟಿದ್ದರೂ ನಡೆಯುತ್ತಿತ್ತು. ಸಿಟ್ಟು ಬಂತು, ನನ್ನ ಮೇಲೆಯೇ.

ಊರಿಗೆ ಬಂದು ಇದಕ್ಕೊಂದು ದಾರಿ ಹುಡುಕಿದೆ. ರುಚಿ ಕೋಣೆಯಲ್ಲಿ ಯಾವುದಾದರೂ ಪರಿಚಿತ ತೋಟದ ಕಾಫಿ ಬಂದರೆ ವಾಸನೆಯಲ್ಲೇ ಸುಳಿವು ಸಿಕ್ಕಿಬಿಡುತ್ತದೆ. ಆಗ ನಾನು ಆ ಕಪ್ಪನ್ನು ಪಕ್ಕಕ್ಕೆ ಸರಿಸಿ, ಅದರ ಅಕ್ಕಪಕ್ಕದ ಕಪ್ಪುಗಳ ರುಚಿ ನೋಡಿ ನಾಲಿಗೆಯನ್ನು ಹದಕ್ಕೆ ತಂದುಕೊಂಡು ಆಮೇಲೆ ಅದಕ್ಕೆ ಮರಳುತ್ತೇನೆ. ಅದೇ ಉಪಾಯ ಇಲ್ಲೂ ಮಾಡಿದೆ. ಹಳೆಯ ಪಂದ್ಯಗಳ ವಿಡಿಯೋ ಹಾಕಿಕೊಂಡು, ಪರದೆಯ ಮೇಲೆ ಅವಳಿರುವ ಕಡೆ ಅಂಗೈ ಅಡ್ಡ ಇಟ್ಟು, ಅಲೆಯನ್ನು ಮಾತ್ರ ನೋಡುವುದು: ಎಷ್ಟು ಎತ್ತರ, ಎಲ್ಲಿ ಕಡಿದಾಗಿದೆ, ಎಲ್ಲಿ ಒಡೆಯುತ್ತದೆ. ಅಲೆ ಏನು ಕೊಡುತ್ತಿದೆ ಅಂತ ತಿಳಿದ ಮೇಲೆ ಕೈ ತೆಗೆದು ಅವಳು ಅದರಲ್ಲಿ ಎಷ್ಟನ್ನು ತೆಗೆದುಕೊಂಡಳು ಎಂದು ನೋಡುವುದು. ಹೂಮಳೆ ಬಂದು ಹೊರಗೆ ತೋಟವೆಲ್ಲ ಬೆಳ್ಳಗೆ ಅರಳಿತ್ತು. ಬೇರೆ ವರ್ಷವಾದರೆ ಅಕ್ಕನ ಜೊತೆ ನೋಡಲು ಹೋಗುತ್ತಿದ್ದೆ. ಈ ಸಲ ಬಾಗಿಲು ಹಾಕಿಕೊಂಡು, ಬೆಟ್ಟದ ಮೇಲಿನ ಮನೆಯಲ್ಲಿ ಸಮುದ್ರ ನೋಡುತ್ತಾ ಕುಳಿತೆ.

ಮೂರನೇ ಪಂದ್ಯದಲ್ಲಿ ಅವಳ ಒಂದು ಅಲೆಗೆ ಎಂಟೂವರೆ ಒತ್ತಿದೆ. ಲೆಕ್ಕಕ್ಕೆ ಬಂತು. ಅವಳು ಗೆದ್ದಳು. ನಾನು ಲಾಡ್ಜಿನ ಆ ಕೆಟ್ಟ ಕಾಫಿಯನ್ನು ಎರಡು ಸಲ ತರಿಸಿ ಕುಡಿದೆ.

ಕೊನೆಯ ಪಂದ್ಯ ನಮ್ಮದೇ ಕರಾವಳಿಯಲ್ಲಿ, ಮುಂಗಾರಿಗೆ ಮೊದಲು. ಸಮುದ್ರ ಆಗಲೇ ಕೆಂಪಗೆ ಕದಡಿ ಎದ್ದಿತ್ತು. ಮಹಿಳೆಯರ ಫೈನಲ್‌ಗೆ ಬಂದದ್ದು ಇಬ್ಬರು: ನಮ್ಮ ಹುಡುಗಿ ನೀಲಿ ಅಂಗಿಯಲ್ಲಿ, ಪೂರ್ವ ಕರಾವಳಿಯ ಒಬ್ಬಳು ಕೆಂಪಿನಲ್ಲಿ. ಇಬ್ಬರಲ್ಲಿ ಈ ಹೀಟ್ ಗೆದ್ದವಳಿಗೇ ವರ್ಷದ ಮೊದಲ ಸ್ಥಾನ. ರೈಟರೂ ಅಕ್ಕನೂ ಬಂದು ದಡದಲ್ಲಿ ಕೊಡೆ ಹಿಡಿದು ನಿಂತಿದ್ದರು. ಅಕ್ಕ ಒಮ್ಮೆಯೂ ಅಟ್ಟಣಿಗೆಯ ಕಡೆ ನೋಡಲಿಲ್ಲ.

ಇಬ್ಬರ ಆಟದಲ್ಲಿ ಅಲೆಗೆ ಸರದಿ ಇರುತ್ತದೆ. ಸರದಿ ಯಾರದೋ ಅಲೆಯ ಆಯ್ಕೆ ಅವರದು; ಇನ್ನೊಬ್ಬರು ಅದಕ್ಕೆ ಅಡ್ಡ ಬಂದರೆ, ಎದ್ದು ನಿಲ್ಲದೆ ಬರೀ ಕೈ ಹಾಕಿ, ಅಂದರೆ ಅಲೆ ಹಿಡಿಯಲು ಕೈಯಲ್ಲಿ ನೀರು ಸೆಳೆದು, ತೊಂದರೆ ಮಾಡಿದರೂ, ತಪ್ಪು. ಶಿಕ್ಷೆ ದೊಡ್ಡದು, ಅಡ್ಡ ಬಂದವರ ಎರಡನೇ ಒಳ್ಳೆಯ ಅಲೆ ಸೊನ್ನೆಯಾಗುತ್ತದೆ. ನೀಲಿ ಮುಂದಿದ್ದಳು. ಹೀಟ್ ಮುಗಿಯುತ್ತಾ ಬಂದಿತ್ತು. ಸರದಿ ಕೆಂಪಿನದು. ಆಗ ಹೊರಗಿನಿಂದ ಆ ದಿನದ ದೊಡ್ಡ ಅಲೆ ಎದ್ದು ಬಂತು. ಕೆಂಪು ಅದಕ್ಕೆ ಕೈ ಹಾಕಿದಳು. ನೀಲಿಯೂ ಅದೇ ಅಲೆಗೆ ಕೈ ಹಾಕಿದಳು, ಆಮೇಲೆ ನಿಲ್ಲಿಸಿ ಹಿಂದೆ ಸರಿದಳು. ಕೆಂಪು ಎದ್ದು ನಿಂತು ಸ್ವಲ್ಪ ದೂರ ಹೋಗಿ ನೊರೆಯಲ್ಲಿ ಮುಳುಗಿದಳು.

ಸೈರನ್ ಆಯಿತು. ದಡದಲ್ಲಿ ಆಗಲೇ ಚಪ್ಪಾಳೆ. ಮುಖ್ಯ ತೀರ್ಪುಗಾರರು ವಿಡಿಯೋ ತಿರುಗಿ ಹಾಕಿಸಿ ನಮ್ಮನ್ನು ಒಬ್ಬೊಬ್ಬರಾಗಿ ಕೇಳಿದರು. ಇಬ್ಬರು ಅಡ್ಡಿ ಅಂದರು. ಇಬ್ಬರು, ಅಡ್ಡಿಯಲ್ಲ, ಅವಳು ಸರಿದುಕೊಂಡಳಲ್ಲ ಅಂದರು. ಐದನೇ ಕುರ್ಚಿ ನನ್ನದು.

"ಹೇಳಿ ಮೇಡಂ."

ನನಗೆ ಗೊತ್ತಿತ್ತು. ಅವಳು ಹಾಕಿದ ಕೊನೆಯ ಎರಡು ಕೈಗಳು ಮೊಣಕೈವರೆಗೆ ನೀರಿಗೆ ಇಳಿದಿದ್ದವು. ಅಲೆ ಬೇಕೇ ಬೇಕು ಅನ್ನುವಾಗ ಮಾತ್ರ ಹಾಕುವ ಕೈಗಳು ಅವು, ನಾನೇ ಕಲಿಸಿದ್ದು. ಆಟಕ್ಕೆ, ಸುಮ್ಮನೆ, ಅವಳು ಹಾಗೆ ಕೈ ಹಾಕುವವಳೇ ಅಲ್ಲ. ಇದು ಆ ಅಟ್ಟಣಿಗೆಯಲ್ಲಿ ನನಗೊಬ್ಬಳಿಗೇ ಗೊತ್ತಿದ್ದ ಸಂಗತಿ. ಅವಳ ಮನೆಯ ಅಡಿಗೆಮನೆಯಲ್ಲಿ ಕುಳಿತವಳಾಗಿ ಗೊತ್ತಿದ್ದದ್ದನ್ನು ಅವಳ ವಿರುದ್ಧವೇ ಬಳಸುವುದೆ? ಅಥವಾ ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ, ಅವಳು ಸರಿದಳಲ್ಲ ಅಂದುಬಿಡುವುದೆ? ಒಂದು "ಇಲ್ಲ" ಸಾಕಿತ್ತು. ಡಬ್ಬಿ ಅವತ್ತೇ ಸಂಜೆ ಬರುತ್ತಿತ್ತು.

"ಇನ್ನೊಂದು ಸಲ ಹಾಕಿ" ಎಂದೆ.

ಹಾಕಿದರು. ನಾನು ಪರದೆಯ ಮೇಲೆ ನೀಲಿ ಅಂಗಿಯನ್ನು ಅಂಗೈಯಿಂದ ಮುಚ್ಚಿದೆ. ಕೆಂಪನ್ನು ಮಾತ್ರ ನೋಡಿದೆ. ಅವಳು ಎದ್ದಳು, ಬೋರ್ಡಿನ ಮೂತಿ ಮೇಲಕ್ಕೆ ಇತ್ತು. ನನ್ನ ಕೈ ಮುಚ್ಚಿದ್ದ ಜಾಗಕ್ಕೆ ಬರುತ್ತಿದ್ದ ಹಾಗೆ ಮೂತಿ ತಟ್ಟನೆ ಕೆಳಕ್ಕೆ ತಿರುಗಿತು. ಅಲ್ಲಿ ಯಾರೋ ಇದ್ದರು, ಅವರನ್ನು ತಪ್ಪಿಸಲು ಅವಳು ದಾರಿ ಬದಲಿಸಿದಳು. ಅದರಿಂದಲೇ ನೊರೆ ಅವಳ ಮೇಲೆ ಬಿತ್ತು. ನೀಲಿಯ ಮನಸ್ಸಿನಲ್ಲಿ ಏನಿತ್ತು ಅನ್ನುವುದೇ ಬೇಕಾಗಿರಲಿಲ್ಲ. ನಾನು ಯಂತ್ರದಲ್ಲಿ ಅಡ್ಡಿಯ ಗುರುತಾದ ತ್ರಿಕೋನ ಒತ್ತಿದೆ.

ನೀಲಿಯ ಎರಡನೇ ಅಲೆ ಸೊನ್ನೆ, ಗೆದ್ದವಳು ಕೆಂಪು ಎಂದು ಧ್ವನಿವರ್ಧಕದಲ್ಲಿ ಹೇಳಿದರು. ಹುಡುಗಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಬಗ್ಗಿ ಕಾಲಿಗೂ ಬೋರ್ಡಿಗೂ ಕಟ್ಟಿದ್ದ ಹಗ್ಗ ಬಿಚ್ಚಿಕೊಂಡಳು, ಬಹಳ ಹೊತ್ತು ಬಿಚ್ಚಿದಳು. ಅದಾದ ತಕ್ಷಣ ಗಂಡಸರ ಫೈನಲ್. ಕುರ್ಚಿ ಬಿಟ್ಟು ಏಳುವ ಹಾಗಿರಲಿಲ್ಲ. ಕಣ್ಣು ತುಂಬಿ ಅಲೆ ಮಂಜಾಗಿ ಕಾಣುತ್ತಿತ್ತು. ತೋಳಿನಲ್ಲಿ ಒರೆಸಿಕೊಂಡು ಅಂಕ ಒತ್ತಿದೆ. ಆ ಸುತ್ತಿನ ನನ್ನ ಅಂಕಗಳೆಲ್ಲ ಸರಿಯಾಗಿದ್ದವಂತೆ.

ರೈಟರೂ ಅಕ್ಕನೂ ಯಾರದೋ ಕಾರಿನಲ್ಲಿ ಮೊದಲೇ ಹೊರಟುಹೋಗಿದ್ದರು. ಹುಡುಗಿ ಬೋರ್ಡು ಇದ್ದುದರಿಂದ ಬಸ್ಸಿಗೇ ಬಂದಳು. ಅದೇ ಬಸ್ಸು, ಅದೇ ಹಿಂದಿನ ಸೀಟು. ಬೆಳ್ತಂಗಡಿ ದಾಟಿದ ಮೇಲೆ ನಾನು ಎದ್ದು ಹೋಗಿ ಅವಳ ಪಕ್ಕ ಕುಳಿತೆ.

"ಇನ್ನು ಮಾತಾಡಬಹುದು ಕಣೇ. ಸೀಸನ್ ಮುಗೀತು."

"ಗೊತ್ತು ಮೇಡಂ" ಅಂದಳು.

ಮೇಡಂ. ಘಟ್ಟದ ಒಂದೊಂದು ತಿರುವಿನಲ್ಲೂ ಆ ಬೋರ್ಡು ನಮ್ಮಿಬ್ಬರ ಬೆನ್ನಿಗೆ ಬಡಿಯುತ್ತಿತ್ತು. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಎರಡು ಕಾಫಿ ತಂದೆ. ಹನಿ ಬೀಳತೊಡಗಿತ್ತು. ಅವಳು ಲೋಟ ತೆಗೆದುಕೊಂಡಳು, ಕುಡಿಯಲಿಲ್ಲ.

"ಕೊನೇ ಎರಡು ಕೈ ನೋಡಿದ್ರಾ?"

"ನೋಡ್ದೆ."

"ಅದಕ್ಕೇ ಒತ್ತಿದ್ರಾ?"

"ಅಲ್ಲ. ಅದನ್ನ ಲೆಕ್ಕಕ್ಕೇ ತಗೊಳ್ಲಿಲ್ಲ. ನಿನ್ನನ್ನ ಕೈಯಲ್ಲಿ ಮುಚ್ಚಿ ಅವಳ ಬೋರ್ಡ್ ನೋಡ್ದೆ."

ಅವಳು ನನ್ನ ಮುಖವನ್ನೇ ನೋಡಿದಳು, ಸೀಸನ್‌ನಲ್ಲಿ ಮೊದಲ ಸಲ.

"ಆ ಅಲೆಗೆ ಹೋಗ್ಲೇಬೇಕು ಅಂತ್ಲೇ ಕೈ ಹಾಕಿದ್ದು ನಾನು. ತಪ್ಪು ನಂದೇ, ಅಮ್ಮಂಗೂ ಹೇಳ್ತೀನಿ." ಲೋಟ ತಿರುಗಿಸುತ್ತಾ, "ಆದ್ರೆ ಇಡೀ ಸೀಸನ್ ನೀವು ನನ್ನ ಕಡೆ ತಿರುಗ್ಲಿಲ್ಲ. ಕೊನೇ ಅಲೇಲೂ ಮುಚ್ಚಿಯೇ ನೋಡಿದ್ರಾ?" ಅಂದಳು. ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಬಸ್ಸು ಹತ್ತಿದಳು. ನಾನು ಎರಡು ಲೋಟವನ್ನೂ ಹೋಟೆಲಿಗೆ ಕೊಟ್ಟು ಬಂದೆ.

ಮಳೆ ಹಿಡಿಯಿತು. ಹಲಸು ಹಣ್ಣಾಯಿತು. ಒಂದು ಭಾನುವಾರ ಹಲಸಿನ ಹಣ್ಣಿನ ಕಡುಬು ಮಾಡಿದೆ. ಅಕ್ಕನ ಕೈಯ ಹದ ನನಗೆ ಬರುವುದಿಲ್ಲ, ಆದರೂ ಮಾಡಿದೆ. ನನ್ನ ಡಬ್ಬಿಗೆ ತುಂಬಿ ಆಟೋದವರ ಕೈಗೆ ಕೊಟ್ಟೆ. ಅವರು ಅದನ್ನು ಮಡಿಲಲ್ಲಿ ಇಟ್ಟುಕೊಂಡು, "ಇದೂ ವಾಪಸ್ ಬಂದ್ರೆ ನಾ ಈ ಕೆಲಸನೇ ಬಿಡ್ತೀನಿ ಮಾರಾಯ್ರೆ" ಅಂದರು. ಅವರು ಬರುವವರೆಗೆ ಒಳಗೆ ಹೋಗಲಾಗಲಿಲ್ಲ. ಬರಿಗೈಯಲ್ಲಿ ಬಂದರು. ಹುಡುಗಿ ಬಾಗಿಲಲ್ಲಿ ತೆಗೆದುಕೊಂಡಳಂತೆ, ಒಳಗೆ ಒಯ್ದಳಂತೆ, ಅಕ್ಕ ಏನೂ ಹೇಳಲಿಲ್ಲವಂತೆ.

ಅದಾಗಿ ಎಷ್ಟೋ ವಾರವಾಯಿತು. ಮುಖ್ಯ ತೀರ್ಪುಗಾರರು ಬರುವ ಸೀಸನ್‌ಗೆ ಐದನೇ ಕುರ್ಚಿ ಖಾಲಿ ಇಟ್ಟಿದ್ದೇನೆ ಎಂದು ಫೋನ್ ಮಾಡಿದ್ದರು. ಯೋಚಿಸಿ ಹೇಳುತ್ತೇನೆ ಅಂದೆ. ಡಬ್ಬಿ ಇನ್ನೂ ಬಂದಿಲ್ಲ. ಬೇಡವಾಗಿದ್ದರೆ ಅಕ್ಕ ಅವತ್ತೇ ತುಂಬಿದ್ದು ತುಂಬಿದ ಹಾಗೆ ಕಳಿಸುತ್ತಿದ್ದರು. ಖಾಲಿ ಡಬ್ಬಿ ಕಳಿಸುವ ಮನೆ ಅಲ್ಲ ಅದು. ಏನಾದರೂ ಹಾಕಿ ಕಳಿಸಬೇಕು ಅಂತ ಅವರಿಗೆ ಇನ್ನೂ ಮನಸ್ಸಾಗಿಲ್ಲ. ಆಟೋದ ಸದ್ದು ಕೇಳಿದರೆ ನಾನು ಬಾಗಿಲಿಗೆ ಬರುತ್ತೇನೆ. ಆಟೋದವರು ಮಳೆಯಲ್ಲೇ ವೇಗ ತಗ್ಗಿಸಿ, ಪರದೆ ಸರಿಸಿ, ಇಲ್ಲ ಅಂತ ಕೈಯಾಡಿಸಿ ಹೋಗುತ್ತಾರೆ.